ವಿನೋಬಾ ನಡೆದರು, ಜಮೀನು ಎಲ್ಲಿಗೆ ಹೋಯ್ತು?

ಹೋದ ಡಿಸೆಂಬರ್‌ನಲ್ಲಿ ನಾವು ಐದು ಜನ ಗೆಳೆಯರು ಬೆಂಗಳೂರಿನಿಂದ ಮೈಸೂರಿಗೆ ನಡೆದುಕೊಂಡು ಹೋದ್ವಿ. ಒಂದು ಹಾಸ್ಟೆಲಿನ ಮಕ್ಕಳಿಗೆ ಪುಸ್ತಕ ಕೊಡಿಸೋಕೆ ದುಡ್ಡು ಎತ್ತುವುದು ಉದ್ದೇಶ. ಟೀ ಶರ್ಟಿನ ಬೆನ್ನ ಮೇಲೆ ಕ್ಯೂಆರ್ ಕೋಡ್, ಅಂಗಾಲು ತುಂಬ ಬೊಬ್ಬೆ. ದುಡ್ಡು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಬಂತು. ಮೈಸೂರು ಮುಟ್ಟಿದ ಮರುದಿನ ನನ್ನ ಹಠಕ್ಕೆ ಮಣಿದು ಎಲ್ಲರೂ ಹುಣಸೂರು ರಸ್ತೆಯಲ್ಲಿ ಯಲವಾಲದ ತನಕ ಕಾಲೆಳೆದುಕೊಂಡು ಬಂದರು. 1957ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಒಬ್ಬ ಮನುಷ್ಯ ನಡೆದು ಬಂದಿದ್ದರು. ಅವರು ದಾನ ಎತ್ತುತ್ತಾ ನಡೆಯೋಕೆ ಶುರು ಮಾಡಿ ಆಗಲೇ ಆರು ವರ್ಷ ಕಳೆದಿತ್ತು.

ನನ್ನ ವಯಸ್ಸಿನವರಿಗೆ ವಿನೋಬಾ ಭಾವೆ ಅಂದ್ರೆ ಪಠ್ಯಪುಸ್ತಕದ ಎರಡು ಸಾಲು. ಶಿವಮೊಗ್ಗ, ದಾವಣಗೆರೆ ಕಡೆಯವರಾದರೆ ಒಂದು ಬಡಾವಣೆಯ ಹೆಸರು. ಅವರು ಹುಟ್ಟಿದ್ದು 1895ರಲ್ಲಿ, ಮಹಾರಾಷ್ಟ್ರದ ಕೊಂಕಣದ ಗಾಗೋದೆ ಎಂಬ ಹಳ್ಳಿಯಲ್ಲಿ. 1916ರಲ್ಲಿ ಪರೀಕ್ಷೆ ಬರೆಯೋಕೆ ಮುಂಬಯಿಗೆ ಹೊರಟವರು ಸೂರತ್‌ನಲ್ಲಿ ರೈಲು ಬದಲಿಸಿ ಕಾಶಿಯ ಹಾದಿ ಹಿಡಿದರು. ಅಲ್ಲಿಂದ ಗಾಂಧಿಯ ಆಶ್ರಮ. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕೆ ಗಾಂಧಿ ಆರಿಸಿದ ಮೊದಲ ಹೆಸರು ಇವರದೇ. ಮುಂದೆ ವೆಲ್ಲೂರು ಜೈಲಿನಲ್ಲಿ ದಕ್ಷಿಣದ ನಾಲ್ಕು ಭಾಷೆಗಳನ್ನು ಕಲಿತರು. ಅದರಲ್ಲಿ ನಮ್ಮ ಕನ್ನಡವೂ ಒಂದು.

ಆದ್ರೆ ದೇಶಕ್ಕೆಲ್ಲ ಅವರು ಗೊತ್ತಾಗಿದ್ದು 55 ದಾಟಿದ ಮೇಲೆ. 1951ರಲ್ಲಿ ಹೈದರಾಬಾದ್ ಪಕ್ಕದ ಶಿವರಾಂಪಲ್ಲಿಯಲ್ಲಿ ಸರ್ವೋದಯ ಸಮ್ಮೇಳನವಿತ್ತು. ವಾರ್ಧಾ ಕಡೆಯಿಂದ ಅಲ್ಲಿಗೆ ನಡೆದೇ ಬಂದರು. ಸಮ್ಮೇಳನ ಮುಗಿಸಿ ತೆಲಂಗಾಣದ ಹಳ್ಳಿಗಳತ್ತ ತಿರುಗಿದರು. ಆ ಹಳ್ಳಿಗಳು ಆಗ ಹೊತ್ತಿ ಉರೀತಿದ್ದವು. ಕಮ್ಯುನಿಸ್ಟರು ಜಮೀನ್ದಾರರಿಂದ ಕಿತ್ತು ಹಂಚಿದ್ದ ಎಷ್ಟೋ ಭೂಮಿ, ಸೈನ್ಯ ಬಂದ ಮೇಲೆ ಮತ್ತೆ ಜಮೀನ್ದಾರರ ಕೈ ಸೇರ್ತಿತ್ತು. ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ದಲಿತರು ತಮಗೆ 80 ಎಕರೆ ಜಮೀನು ಬೇಕೆಂದು ಕೇಳಿದರು. ವಿನೋಬಾ ಆ ಬೇಡಿಕೆಯನ್ನು ಸೇರಿದ್ದ ಊರವರ ಮುಂದಿಟ್ಟರು. ರಾಮಚಂದ್ರ ರೆಡ್ಡಿ ಎಂಬ ಜಮೀನ್ದಾರರು ಎದ್ದು ನಿಂತು 100 ಎಕರೆ ಕೊಡ್ತೀನಿ ಅಂದುಬಿಟ್ಟರು. ಭೂದಾನ ಶುರುವಾಗಿದ್ದು ಹೀಗೆ.

ಅಲ್ಲಿಂದ 13 ವರ್ಷ ಹೆಚ್ಚೂಕಡಿಮೆ ನಡಿಗೆಯೇ ಬದುಕಾಯ್ತು. ಬೆಳಗಿನ ಜಾವ ಲಾಟೀನಿನ ಬೆಳಕಲ್ಲಿ ಹೊರಟರೆ ದಿನಕ್ಕೆ 15-20 ಕಿಲೋಮೀಟರ್. ಹೊಟ್ಟೆಹುಣ್ಣಿತ್ತು, ಮೊಸರು ಹಾಲಿನ ಮೇಲೇ ದಿನ ತಳ್ಳುತ್ತಿದ್ದರು. ಒಂದು ಹಳ್ಳಿಯಲ್ಲಿ ಒಂದು ರಾತ್ರಿ, ಬೆಳಗಾದರೆ ಮುಂದಿನ ಹಳ್ಳಿ. (ಆರು ದಿನಕ್ಕೇ ನಾವು ಒಬ್ಬರ ಮುಖ ಒಬ್ಬರು ನೋಡೋಕಾಗದಷ್ಟು ಜಗಳ ಆಡಿದ್ದೆವು. ಆ ಜೊತೆಗಾರರು ಹೇಗೆ ತಾಳಿಕೊಂಡರೋ!) 1953ರಲ್ಲಿ ದಲಿತರನ್ನು ಜೊತೆಗೆ ಕರ್ಕೊಂಡು ದೇವಘರದ ವೈದ್ಯನಾಥ ದೇವಸ್ಥಾನಕ್ಕೆ ಹೋದಾಗ ಹೊಡೆತ ತಿಂದರು.

ನನಗೆ ತುಂಬಾ ಹಿಡಿಸಿದ್ದು ಅವರ ಸಂಪತ್ತಿದಾನದ ಲೆಕ್ಕ. ಜಮೀನಿಲ್ಲದವರು ಆದಾಯದಲ್ಲಿ ಒಂದು ಪಾಲು ಕೊಡಬಹುದಿತ್ತು. ಆದರೆ ಆ ದುಡ್ಡನ್ನು ವಿನೋಬಾ ಮುಟ್ಟುತ್ತಿರಲಿಲ್ಲ. ಕೊಟ್ಟವರೇ ತಮ್ಮ ಹತ್ತಿರ ಇಟ್ಟುಕೊಂಡು, ಹೇಳಿದ ಕೆಲಸಕ್ಕೆ ತಾವೇ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕಿತ್ತು. ದುಡ್ಡು ಕಳಿಸಿ ಕೈ ತೊಳೆದುಕೊಳ್ಳೋಕೆ ದಾರಿಯೇ ಇರಲಿಲ್ಲ.

ಜಮೀನಿನ ವಿಷಯದಲ್ಲಿ ಆ ಬಿಗಿ ಉಳಿಯಲಿಲ್ಲ. ಗುರಿ ಇದ್ದದ್ದು 5 ಕೋಟಿ ಎಕರೆ, ಘೋಷಣೆಯಾಗಿದ್ದು 40 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಹಾರದ್ದೇ. ಎಷ್ಟೋ ಕಡೆ ಕೊಟ್ಟಿದ್ದು ಕಲ್ಲುಗುಡ್ಡ, ಕಾಡು, ಕೋರ್ಟಿನಲ್ಲಿರುವ ತುಂಡು. ದಾನಪತ್ರಕ್ಕೆ ಸಹಿ ಹಾಕೋದು ಒಂದು ಸಂಜೆಯ ಕೆಲಸ. ಸರ್ವೆ ಮಾಡಿಸಿ, ಹದ್ದುಬಸ್ತು ಹಾಕಿಸಿ, ದಾಖಲೆಯಲ್ಲಿ ಹೆಸರು ಕೂರಿಸೋದು ವರ್ಷಗಳ ಕೆಲಸ. ಅಷ್ಟರಲ್ಲಿ ವಿನೋಬಾ ನೂರಾರು ಹಳ್ಳಿ ದಾಟಿರುತ್ತಿದ್ದರು. 1956ರಲ್ಲಿ ತಮಿಳುನಾಡಿನ ಪಳನಿಯಲ್ಲಿ ಭೂದಾನ ಸಮಿತಿಗಳನ್ನೇ ವಿಸರ್ಜಿಸಿ, ಗಾಂಧಿ ಸ್ಮಾರಕ ನಿಧಿಯ ಹಣವೂ ಬೇಡ ಎಂದು ತೀರ್ಮಾನವಾಯ್ತು. ಸಂಸ್ಥೆಯಲ್ಲ, ಜನರೇ ನಡೆಸಲಿ ಅನ್ನೋ ಆಸೆ. ಆಸೆ ದೊಡ್ಡದೇ. ಆದ್ರೆ ತಾಲೂಕು ಕಚೇರಿಗೆ ಅಲೆಯೋರು ಯಾರು? ನನ್ನ ಪ್ರಕಾರ ಅವರ ದೊಡ್ಡ ತಪ್ಪು ಇದೇ. ಜಮೀನ್ದಾರರನ್ನು ಉಳಿಸೋಕೇ ಅವರು ಬಂದರು ಅನ್ನೋ ನನ್ನ ಎಡಪಂಥೀಯ ಗೆಳೆಯರ ವಾದ ನಾನು ಪೂರ್ತಿ ಒಪ್ಪಲ್ಲ. ಆದರೆ ಜಮೀನ್ದಾರರಿಗೆ ಅದರಿಂದ ಉಸಿರಾಡೋಕೆ ಸಮಯ ಸಿಕ್ಕಿದ್ದು ಸುಳ್ಳಲ್ಲ.

ಯಲವಾಲದ ಸಮ್ಮೇಳನಕ್ಕೆ ನೆಹರೂ ಬಂದರು, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಬಂದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡ್ ಕೂಡ ಬಂದರು. ಊರಿನ ಭೂಮಿಯೆಲ್ಲ ಊರಿಗೇ ಸೇರುವ ಗ್ರಾಮದಾನಕ್ಕೆ ಎಲ್ಲ ಪಕ್ಷದವರೂ ಬೆಂಬಲ ಸೂಚಿಸಿದರು. ಆದರೆ ಇದೇ ರಾಜ್ಯದಲ್ಲಿ ನಮ್ಮ ತಾತನಿಗೆ ಭೂಮಿ ಬಂದಿದ್ದು ದಾನದಿಂದಲ್ಲ. ದೇವರಾಜ ಅರಸು ಕಾಲದ 1974ರ ತಿದ್ದುಪಡಿ ಬಂದ ಮೇಲೆ ಗೇಣಿದಾರರಾಗಿದ್ದ ಅವರು ಫಾರಂ ನಂಬರ್ 7 ಹಾಕಿದರು. ಟ್ರಿಬ್ಯುನಲ್ ಮುಂದೆ ಒಡೆಯರ ಎದುರೇ ನಿಂತು ಒಂದೂವರೆ ಎಕರೆ ಗೆದ್ದರು. ಯಾರಿಗೂ ಕೈ ಮುಗಿಯಬೇಕಾಗಿ ಬರಲಿಲ್ಲ ಅಂತ ಸಾಯೋವರೆಗೂ ಹೇಳ್ತಿದ್ರು. ಗೇಣಿಯೂ ಇಲ್ಲದ ಕೂಲಿಯವರಿಗೆ, ಅಂದರೆ ಪೋಚಂಪಲ್ಲಿಯಲ್ಲಿ ಕೈ ಎತ್ತಿದಂಥವರಿಗೆ, ಆ ಫಾರಂನಿಂದಲೂ ಏನೂ ಸಿಗಲಿಲ್ಲ ಅನ್ನೋದನ್ನು ತಾತ ಹೇಳ್ತಿರಲಿಲ್ಲ.

1964ರಲ್ಲಿ ವಿನೋಬಾ ಪವನಾರಿನ ಆಶ್ರಮಕ್ಕೆ ಮರಳಿದರು. ತುರ್ತು ಪರಿಸ್ಥಿತಿಯನ್ನು ಶಿಸ್ತಿನ ಪರ್ವ ಎಂದು ಕರೆದರು ಅಂತ ಸರ್ಕಾರ ಊರೆಲ್ಲ ಸಾರಿತು. ಅದೇ ಹೊತ್ತಿಗೆ, ಭೂದಾನಕ್ಕೆ ಬದುಕನ್ನೇ ಕೊಟ್ಟಿದ್ದ ಜೆಪಿ ಜೈಲಿನಲ್ಲಿದ್ದರು. ಆ ಕಲೆ ಹೋಗಲೇ ಇಲ್ಲ, ಹೋಗಬೇಕೂ ಇಲ್ಲ. 1982ರ ನವೆಂಬರ್‌ನಲ್ಲಿ ಕಾಯಿಲೆ ಬಿದ್ದಾಗ ಅನ್ನ, ಔಷಧಿ ಎರಡನ್ನೂ ನಿಲ್ಲಿಸಿ 15ರಂದು ತೀರಿಕೊಂಡರು. ಮರುವರ್ಷ ಭಾರತ ರತ್ನ ಬಂತು.

ನಾವು ಎತ್ತಿದ ದುಡ್ಡು ಇನ್ನೂ ನಮ್ಮಲ್ಲೊಬ್ಬನ ಖಾತೆಯಲ್ಲೇ ಇದೆ. ನಡಿಗೆಯ ಫೋಟೋಗಳನ್ನು ಅವತ್ತೇ ಹಾಕಿದ್ವಿ. ಪುಸ್ತಕದ ಪಟ್ಟಿ ಮಾಡೋಕೆ ಯಾರಿಗೂ ಪುರುಸೊತ್ತಾಗಿಲ್ಲ. ಈ ಭಾನುವಾರ ಹಾಸ್ಟೆಲಿಗೆ ಹೋಗ್ತಿದೀವಿ, ಬಸ್ಸಿನಲ್ಲಿ.