ಹರ್ಡರ್: ವಾಸಿಯಾಗದ ಕಣ್ಣು, ಫಲಿಸಿದ ಭೇಟಿ

ಜರ್ಮನ್ ಚಿಂತಕ ಯೋಹಾನ್ ಗಾಟ್‌ಫ್ರೀಡ್ ಹರ್ಡರ್ 1744ರಲ್ಲಿ ಪೂರ್ವ ಪ್ರಶ್ಯದ ಬಡ ಶಿಕ್ಷಕರೊಬ್ಬರ ಮಗನಾಗಿ ಜನಿಸಿದರು. ಕಣ್ಣೀರನ್ನು ಮೂಗಿಗೆ ಹರಿಸುವ ಅಶ್ರುಚೀಲದ ತಳ ಮುಚ್ಚಿದ್ದರಿಂದ ಬಾಲ್ಯದಿಂದಲೂ ಅವರಿಗೆ ಕಣ್ಣಿನ ಬಾಧೆ.

1770ರಲ್ಲಿ ಚಿಕಿತ್ಸೆಗೆಂದು ಸ್ಟ್ರಾಸ್‌ಬರ್ಗ್‌ನಲ್ಲಿ ತಂಗಿದರು. ಅದು ಅರಿವಳಿಕೆ ಇಲ್ಲದ ಕಾಲ. ಶಸ್ತ್ರವೈದ್ಯ ಲೋಬ್‌ಸ್ಟೈನ್ ಚೀಲವನ್ನು ಸೀಳಿ, ಎಲುಬನ್ನು ಕೊರೆದರು. ರಂಧ್ರ ಮುಚ್ಚದಿರಲೆಂದು ಅದರೊಳಗೆ ಕುದುರೆಕೂದಲು ಎಳೆಯಲಾಯಿತು. ತಿಂಗಳುಗಟ್ಟಲೆ ನೋವುಂಡರೂ ಕಣ್ಣು ವಾಸಿಯಾಗಲಿಲ್ಲ.

ಆದರೆ ಆ ರೋಗಶಯ್ಯೆಯ ಬಳಿಗೆ ಬರುತ್ತಿದ್ದ 21ರ ಹರೆಯದ ವಿದ್ಯಾರ್ಥಿ ಗಯಟೆಗೆ ಜಾನಪದ ಗೀತೆಗಳ, ಷೇಕ್ಸ್‌ಪಿಯರನ ಹಿರಿಮೆಯನ್ನು ಹರ್ಡರ್ ಮನಗಾಣಿಸಿದರು. ಜರ್ಮನ್ ಸಾಹಿತ್ಯದ ದಿಕ್ಕು ಬದಲಾಗಲು ಆ ಭೇಟಿ ಕಾರಣವಾಯಿತು. ಭಾಷೆಯ ಉಗಮ ಕುರಿತ, ಬರ್ಲಿನ್ ಅಕಾಡೆಮಿಯ ಬಹುಮಾನ ಪಡೆದ ಪ್ರಬಂಧವನ್ನೂ ಅವರು ಅಲ್ಲಿಯೇ ಬರೆದರು. ಮುಂದೆ ಕಾಳಿದಾಸನ ಶಾಕುಂತಲವನ್ನೂ ಮನಸಾರೆ ಮೆಚ್ಚಿದರು.

1803ರಲ್ಲಿ ವೈಮಾರ್‌ನಲ್ಲಿ ನಿಧನರಾದರು. ಎಲುಬು ಕೊರೆದು ಕಣ್ಣೀರಿಗೆ ಹೊಸ ದಾರಿ ಮಾಡುವ ಆಧುನಿಕ ಶಸ್ತ್ರಚಿಕಿತ್ಸೆಯನ್ನು ಇಟಲಿಯ ಟೋಟಿ ವಿವರಿಸಿದ್ದು ಶತಮಾನದ ಬಳಿಕ, 1904ರಲ್ಲಿ.