ಅಮೀರಬಾಯಿ ಕರ್ನಾಟಕಿ: ಒಬ್ಬಳೇ ನಟಿಯ ನಾಟಕಕ್ಕೆ ಒಂದು ವಸ್ತು

ರಾಜ್ಯೋತ್ಸವ ಬಂತೆಂದರೆ ನಮ್ಮ ಸಂಘದಲ್ಲಿ ಮೊದಲು ಏಳುವ ಪ್ರಶ್ನೆ ನಾಟಕದ್ದು. ಈ ವರುಷವೂ ಸುಲ್ತಾನ್ ಬಜಾರಿನಲ್ಲಿ ಸದಸ್ಯರೊಬ್ಬರ ಮನೆಯ ಮಹಡಿಯ ಮೇಲೆ ನಾವು ಹತ್ತು ಜನ ಸೇರಿದ್ದೆವು. ಆರಿಸಿದ ನಾಟಕಕ್ಕೆ ಬೇಕಾದ ಪಾತ್ರಧಾರಿಗಳು ಎಂಟು ಮಂದಿ; ತಾಲೀಮಿಗೆ ತಪ್ಪದೆ ಬರುವೆವೆಂದವರು ಇಬ್ಬರು. ಲೆಕ್ಕಪತ್ರದವರಾದ ನಮಗೆ ಈ ಬಾಕಿಯನ್ನು ಎಲ್ಲಿಂದ ತುಂಬುವುದೆಂದು ತಿಳಿಯಲಿಲ್ಲ. ಆಗ ಮಿತ್ರರೊಬ್ಬರು ಒಬ್ಬಳೇ ನಟಿ ಆಡಬಹುದಾದ ನಾಟಕದ ಮಾತು ತೆಗೆದರು. ಪಾಶ್ಚಾತ್ಯ ರಂಗಭೂಮಿಯಲ್ಲಿ ಮರ್ಲೀನ್ ಡೀಟ್ರಿಕ್ ಎಂಬ ಚಿತ್ರತಾರೆಯ ಬಾಳನ್ನು ಹೀಗೆ ಒಬ್ಬರೇ ನಿಂತು ಆಡುವುದುಂಟಂತೆ. ಬರ್ಲಿನ್ನಿನಲ್ಲಿ 1901ರಲ್ಲಿ ಹುಟ್ಟಿದ ಅವರು ನಾಜಿಗಳ ಆಹ್ವಾನವನ್ನು ಒಲ್ಲೆನೆಂದು, 1939ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನಿಕರಿಗಾಗಿ ಹಾಡಿದವರು.

ಕಥೆ ಸೊಗಸಾಗಿಯೇ ಇದೆ. ಆದರೆ ಅದೇ ಯುದ್ಧಕಾಲದಲ್ಲಿ ದೊರೆತನಕ್ಕೆ ಎದುರಾದ ಹಾಡಿಗೆ ಕೊರಳು ಕೊಟ್ಟವರು ವಿಜಾಪುರದ ಸೀಮೆಯಲ್ಲಿಯೇ ಹುಟ್ಟಿದ್ದರಲ್ಲ, ಬರ್ಲಿನ್ನಿನವರೆಗೆ ಏಕೆ ಹೋಗಬೇಕು ಎಂದು ನಮಗೆ ಅನಿಸಿತು. ಅವರೇ ಅಮೀರಬಾಯಿ ಕರ್ನಾಟಕಿ.

ಅವರ ಹುಟ್ಟೂರು ಬೀಳಗಿ. ಆಗ ಅದು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು; ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದ ವರುಷಗಳು. ತಂದೆತಾಯಿಗಳು ನಾಟಕ ಕಂಪನಿಗಳನ್ನು ನಂಬಿ ಬದುಕಿದವರು. ಮನೆಯಲ್ಲಿ ಹಾಡು ಇಲ್ಲದ ಹೊತ್ತಿಲ್ಲ. ಐವರು ಅಕ್ಕತಂಗಿಯರಲ್ಲಿ ಹೆಸರು ಮಾಡಿದವರು ಇಬ್ಬರು. ಗೋಹರಬಾಯಿಯವರು ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಜೊತೆ ಪಾತ್ರ ಮಾಡಿ, ಮುಂದೆ ಅವರ ಬಾಳಸಂಗಾತಿಯೂ ಆದರು. ಅಮೀರಬಾಯಿಯವರು ಹಿಂದೀ ಬೋಲಪಟದ ಹಾದಿ ಹಿಡಿದರು.

ವಿಜಾಪುರದ ಕನ್ನಡಿಗ ಹೊಟ್ಟೆಪಾಡಿಗೆ ಮುಂಬಯಿಗೆ ಹೋಗುತ್ತಿದ್ದ ಕಾಲವದು. ಕಲಬುರ್ಗಿ, ರಾಯಚೂರು, ಬೀದರದವರು ಹೈದರಾಬಾದಿಗೆ ಬರುತ್ತಿದ್ದರು. ನಮ್ಮ ಹಿರಿಯರಲ್ಲಿ ಅನೇಕರು ಹೀಗೆ ಬಂದವರೇ. ಅಂದು ಅವರಿಗೆ ಇದು ಸ್ವಂತ ರಾಜಧಾನಿ. 1956ರ ನವೆಂಬರ್ 1ರಂದು ಅವರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು, ಇಲ್ಲಿ ಮನೆಮಾಡಿದವರು ಕುಳಿತಲ್ಲೇ ಪರಸ್ಥಳದವರಾದರು. ಆದುದರಿಂದ ಊರು ಬಿಟ್ಟು ಹೋದ ಆ ಹುಡುಗಿಯ ಕಥೆ ನಮಗೆ ಬಿಡಿಸಿ ಹೇಳಬೇಕಾದುದಲ್ಲ. ಮುಂಬಯಿಯಲ್ಲಿ ಅವರು ಉರ್ದು, ಹಿಂದಿ, ಗುಜರಾತಿ ಎಲ್ಲ ಭಾಷೆಗಳಲ್ಲೂ ಹಾಡಿದರು. ಹೆಸರಿನ ಮುಂದೆ ಮಾತ್ರ ಕರ್ನಾಟಕಿ ಎಂಬುದು ಕೊನೆಯವರೆಗೂ ಉಳಿಯಿತು.

1934ರ ವಿಷ್ಣುಭಕ್ತಿ ಎಂಬ ಚಿತ್ರದಲ್ಲಿ ಮೊದಲು ಕಾಣಿಸಿಕೊಂಡರು. ಮುಂದಿನ ಕೆಲವು ವರುಷ ಸಣ್ಣಪುಟ್ಟ ಪಾತ್ರಗಳು, ಹೇಳಿಕೊಳ್ಳುವಂಥವಲ್ಲ. 1940ರಲ್ಲಿ ವಿಜಯ ಭಟ್ಟರ ನರಸೀ ಭಗತ್ ಚಿತ್ರದಲ್ಲಿ ಅಭಿನಯಿಸಿದರು. ನರಸಿಂಹ ಮೆಹತಾರ ವೈಷ್ಣವ ಭಜನೆ ಈ ಬೀಳಗಿಯ ಮುಸಲ್ಮಾನ ಹೆಣ್ಣುಮಗಳ ಕಂಠದಲ್ಲಿ ಗಾಂಧೀಜಿಯವರಿಗೆ ಪ್ರಿಯವಾಗಿತ್ತೆಂದು ಪ್ರತೀತಿ.

ಇನ್ನು ಕಿಸ್ಮತ್ ಚಿತ್ರದ ಮಾತು. ಬಾಂಬೇ ಟಾಕೀಸಿನವರ ಈ ಚಿತ್ರ ಬಂದದ್ದು 1943ರಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1942ರ ಆಗಸ್ಟಿನಲ್ಲಿ, ಭಾರತ ಬಿಟ್ಟು ತೊಲಗಿರೆಂಬ ಚಳವಳಿ ಎದ್ದು ನಾಯಕರೆಲ್ಲ ಸೆರೆಮನೆ ಸೇರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಇಂಥ ಸಮಯದಲ್ಲಿ ಕವಿ ಪ್ರದೀಪರು ಪರಕೀಯರನ್ನು ದೂರ ಸರಿಯಿರೆಂದು ಗದರಿಸುವ ಹಾಡು ಬರೆದರು. ಅನಿಲ್ ಬಿಸ್ವಾಸರು ರಾಗ ಕೂಡಿಸಿದರು. ಹಾಡಿನೊಳಗೆ ಜರ್ಮನಿ, ಜಪಾನುಗಳ ಹೆಸರು ಸೇರಿಸಿದ್ದರಿಂದ ಸರಕಾರದ ಪರೀಕ್ಷಕರು ತಮ್ಮ ಶತ್ರುಗಳನ್ನೇ ಬೈದಿದೆಯೆಂದು ತಿಳಿದು ಒಪ್ಪಿಗೆ ಕೊಟ್ಟರು. ನೋಡಲು ಬಂದ ಜನಕ್ಕೆ ಮಾತ್ರ ಬೈಗುಳ ಯಾರಿಗೆಂದು ಕ್ಷಣದಲ್ಲಿ ತಿಳಿಯಿತು. ಚಿತ್ರಮಂದಿರಗಳಲ್ಲಿ ಮತ್ತೊಮ್ಮೆ ಎಂಬ ಕೂಗು ಎದ್ದು, ಸುರುಳಿಯನ್ನು ಹಿಂದಕ್ಕೆ ಸುತ್ತಿ ಆ ಹಾಡನ್ನೇ ಪುನಃ ತೋರಿಸಬೇಕಾಗುತ್ತಿತ್ತಂತೆ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಕಿಸ್ಮತ್ ಮೂರು ವರುಷಕ್ಕೂ ಮೇಲೆ ಓಡಿತು. ಮೋಸಹೋದೆವೆಂದು ಸರಕಾರಕ್ಕೆ ಅರಿವಾದಾಗ ಪ್ರದೀಪರು ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತೆನ್ನುತ್ತಾರೆ.

ಖಾನ್ ಮಸ್ತಾನಾ ಮತ್ತು ಮೇಳದವರೊಡನೆ ಆ ಹಾಡನ್ನು ಹಾಡಿದ ಹೆಣ್ಣುದನಿ ಅಮೀರಬಾಯಿಯವರದು. ತೆರೆಯ ಮೇಲೆ ಮುಖ ಮುಮ್ತಾಜ್ ಶಾಂತಿಯವರದು. ನಾವು ಸಭೆ ಸೇರಿದ್ದ ಈ ಸುಲ್ತಾನ್ ಬಜಾರ್ ಕೂಡ 1933ರವರೆಗೆ ರೆಸಿಡೆನ್ಸಿ ಬಜಾರೆಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತೆಂಬುದು ಅಂದು ನಮ್ಮ ನೆನಪಿಗೆ ಬಾರದೆ ಹೋಗಲಿಲ್ಲ.

ಮರುವರುಷವೇ ನೌಷಾದರ ರತನ್ ಬಂತು. ಉಳಿದ ಗಾಯಕಿಯರಿಗೆ ಒಂದು ಹಾಡಿಗೆ 500 ರೂಪಾಯಿ ದೊರೆಯುತ್ತಿದ್ದಾಗ ಅಮೀರಬಾಯಿಯವರಿಗೆ 1000 ರೂಪಾಯಿ ಕೊಡುತ್ತಿದ್ದರೆಂದು ಹೇಳುತ್ತಾರೆ. ಅಂದಿನ ಸಾವಿರ ಎಂದರೆ ಎಷ್ಟೆಂಬುದನ್ನು ಹಿರಿಯರೇ ಊಹಿಸಬೇಕು. ಆ ಹಣ ಎಲ್ಲಿಗೆ ಹೋಯಿತು?

ಅವರ ಪತಿ ಹಿಮಾಲಯವಾಲಾ, ಖಳಪಾತ್ರಗಳಿಗೆ ಹೆಸರಾದ ನಟ. ಅಮೀರಬಾಯಿಯವರ ಜೀವನಚರಿತ್ರೆಯನ್ನು ಬರೆದ ರಹಮತ್ ತರೀಕೆರೆಯವರಿಂದಾಗಿ ನಮ್ಮ ಕಾಲದ ಓದುಗರಿಗೂ ಈ ಸಂಕಟದ ಪರಿಚಯವಾಗಿದೆ. ದುಡಿಮೆ ಹೆಂಡತಿಯದು, ಯಜಮಾನಿಕೆ ಗಂಡನದು, ಮೇಲೆ ಹೊಡೆತ. ಬ್ಯಾಂಕಿನ ಕಟ್ಟೆಯ ಹಿಂದೆ ಕುಳಿತ ನಮಗೆ ಇದು ಹೊಸತಲ್ಲ. ಸಹಿ ಹಾಕುವ ಕೈ ಹೆಂಗಸಿನದು, ನೋಟು ಎಣಿಸಿ ಜೇಬಿಗಿಳಿಸುವ ಕೈ ಪಕ್ಕದಲ್ಲಿ ನಿಂತವರದು. ಇಂಥದನ್ನು ವಾರಕ್ಕೊಮ್ಮೆಯಾದರೂ ಕಾಣುತ್ತೇವೆ, ಕಂಡು ಸುಮ್ಮನಿರುತ್ತೇವೆ. ದೊರೆಗಳನ್ನು ದೂರ ಸರಿಯಿರೆಂದ ಕಂಠ ಸ್ವಂತ ಮನೆಯಲ್ಲಿ ಆ ಮಾತನ್ನು ಆಡಲು ಬಹಳ ಕಷ್ಟಪಡಬೇಕಾಯಿತು. ಕಡೆಗೆ ವಕೀಲರೊಬ್ಬರ ನೆರವಿನಿಂದ ಬಿಡುಗಡೆ ಪಡೆದರು. ಹಿಮಾಲಯವಾಲಾ ದೇಶವಿಭಜನೆಯ ತರುವಾಯ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ನಟಿಸಿದರು. ಅಮೀರಬಾಯಿಯವರು ಬದರಿ ಕಾಂಚವಾಲಾ ಎಂಬ ಪತ್ರಿಕಾ ಸಂಪಾದಕರನ್ನು ಮದುವೆಯಾಗಿ ನೆಮ್ಮದಿ ಕಂಡರು.

1948ರಲ್ಲಿ ಶಹನಾಜ್ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಇದು ಆ ಕಾಲದ ಹೆಂಗಸಿಗೆ ಸಣ್ಣ ಸಾಹಸವಲ್ಲ. ಏಕೋ ಇದನ್ನು ನೆನೆಯುವವರು ಕಡಿಮೆ. ಅಷ್ಟರಲ್ಲಿ ಲತಾ ಮಂಗೇಶ್ಕರರ ಕಾಲ ಬಂತು, 1949ರ ಹೊತ್ತಿಗೆ ಕೇಳುಗರ ಕಿವಿಯೇ ಬದಲಾಯಿತು. ಅಮೀರಬಾಯಿಯವರು ಪೋಷಕ ಪಾತ್ರಗಳಿಗೆ ಇಳಿದರು. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದಿತು. 1965ರಲ್ಲಿ ಪಾರ್ಶ್ವವಾಯು ಬಡಿದು ಮಾರ್ಚ್ 3ರಂದು ತೀರಿಕೊಂಡರು. ದಫನಾದದ್ದು ವಿಜಾಪುರದ ಮಣ್ಣಿನಲ್ಲಿ.

ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೆ ಎಂಟು ವರುಷ ಮೊದಲೇ ಅಮೀರಬಾಯಿ ಕಣ್ಣು ಮುಚ್ಚಿದ್ದರು. ಆ ಹೆಸರಿನ ರಾಜ್ಯವೇ ಇಲ್ಲದ ದಿನಗಳಲ್ಲಿ ಕಿಸ್ಮತ್, ರತನ್‌ಗಳ ಗ್ರಾಮಫೋನ್ ತಟ್ಟೆಗಳು ಆ ಹೆಸರನ್ನು ದೇಶದ ಮನೆಮನೆಗೆ ಒಯ್ದಿದ್ದುವು.

ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಹಿರಿಯರೊಬ್ಬರು ಒಂದು ಆಕ್ಷೇಪ ತೆಗೆದರು: ಮುಖ ಕಾಣದೆ ಹೆಸರಾದವರನ್ನು ರಂಗದ ಮೇಲೆ ಹೇಗೆ ತೋರಿಸುವುದು? ನಮ್ಮ ಯೋಜನೆ ಇಷ್ಟು. ಒಂದು ಕುರ್ಚಿ, ಒಂದು ಗ್ರಾಮಫೋನ್, ಅದರ ಪಕ್ಕದಲ್ಲಿ ನಟಿ ಒಬ್ಬಳೇ. ಗಂಡ ಒಳಗಿನಿಂದ ಕೇಳುವ ಹೆಜ್ಜೆಯ ಸಪ್ಪಳ ಮಾತ್ರ. ಹಾಡುವುದನ್ನು ತಟ್ಟೆಯೇ ಹಾಡಲಿ. ಆ ಹೊತ್ತಿನಲ್ಲಿ ಕೇಳುತ್ತ ಕುಳಿತ ಹೆಂಗಸಿನ ಮುಖವನ್ನು ಜನ ನೋಡಲಿ. ಆದುದರಿಂದ ಹಾಡಲು ಬಾರದವರೂ ಒಪ್ಪಿಕೊಳ್ಳಬಹುದು. ವಿಜಾಪುರದ ಕಡೆಯ ಮಾತು ಮಾತ್ರ ನಾಲಗೆಯ ಮೇಲಿರಬೇಕು. ಅಂಥ ಹೆಣ್ಣುಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲಿ ಕಡಿಮೆಯೇನಿಲ್ಲ. ತಾಲೀಮು ಭಾನುವಾರ ಬೆಳಿಗ್ಗೆ, ಅದೇ ಮಹಡಿಯ ಮೇಲೆ.