ಗಾಯದ ಹಿಂದಿನ ಸತ್ಯ ಕಂಡ ಡಾ. ಹೆನ್ರಿ ಕೆಂಪೆ

ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಕೈಮೇಲೆ ಆಗಾಗ ಬಾಸುಂಡೆ ಕಾಣುತ್ತಿತ್ತು. ಕೇಳಿದರೆ ಸೈಕಲ್‌ನಿಂದ ಬಿದ್ದೆನೆಂದು ಹೇಳುತ್ತಿದ್ದಳು. ಅವರ ಮನೆಯಲ್ಲಿ ಸೈಕಲ್ಲೇ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಾನು ಯಾರಿಗೂ ಹೇಳಲಿಲ್ಲ. ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕೆಂದಿರುವ ನಾನು ಡಾ. ಹೆನ್ರಿ ಕೆಂಪೆ ಅವರ ಬದುಕಿನ ಬಗ್ಗೆ ಓದುವಾಗ ನೆನಪಾದದ್ದು ಅವಳೇ.

ಕೆಂಪೆ 1922ರಲ್ಲಿ ಜರ್ಮನಿಯ ಬ್ರೆಸ್ಲಾವ್ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ನಾಜಿಗಳ ಕಾಟದಿಂದ ಹದಿಹರೆಯದಲ್ಲೇ ದೇಶ ಬಿಟ್ಟು, ಅಮೆರಿಕ ಸೇರಿ, ಕ್ಯಾಲಿಫೋರ್ನಿಯಾದಲ್ಲಿ ಓದಿ ವೈದ್ಯರಾದರು. 1956ರಲ್ಲಿ ಡೆನ್ವರ್‌ನಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಮಕ್ಕಳ ವೈದ್ಯಕೀಯ ವಿಭಾಗದ ಮುಖ್ಯಸ್ಥರಾದರು. ಸಿಡುಬಿನ ಸಂಶೋಧನೆಗಾಗಿ ನಮ್ಮ ಮದ್ರಾಸಿನಲ್ಲೂ ಕೆಲಸ ಮಾಡಿದ್ದರು.

ಆಗ ಮೂಳೆ ಮುರಿದ, ತಲೆಗೆ ಪೆಟ್ಟಾದ ಕೂಸುಗಳು ಆಸ್ಪತ್ರೆಗೆ ಬರುತ್ತಿದ್ದವು. ಮಗು ಮಂಚದಿಂದ ಬಿತ್ತೆಂದು ಹೆತ್ತವರು ಹೇಳಿದರೆ ವೈದ್ಯರು ಅದನ್ನೇ ನಂಬುತ್ತಿದ್ದರು. ಹೆತ್ತವರೇ ಹೊಡೆದಿರಬಹುದೆಂಬ ಮಾತನ್ನು ಮನಸ್ಸು ಒಪ್ಪುತ್ತಿರಲಿಲ್ಲ. ಕೆಂಪೆ ಮತ್ತು ಅವರ ಸಂಗಡಿಗರು ದೇಶದ ಆಸ್ಪತ್ರೆಗಳನ್ನು ವಿಚಾರಿಸಿದಾಗ, 71 ಆಸ್ಪತ್ರೆಗಳಿಂದ ಒಂದೇ ವರ್ಷದ 302 ಪ್ರಕರಣಗಳು ಬೆಳಕಿಗೆ ಬಂದವು. ಅವರಲ್ಲಿ 33 ಮಕ್ಕಳು ಸತ್ತಿದ್ದರು. 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್ ಎಂದು ಕರೆದರು. ಕೆಲವೇ ವರ್ಷಗಳಲ್ಲಿ, ಇಂಥ ಪ್ರಕರಣಗಳನ್ನು ವರದಿ ಮಾಡುವ ಕಾನೂನು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಬಂತು.

ಅವರು ತೋರಿಸಿಕೊಟ್ಟ ಗುರುತುಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹೇಳುವ ಕಾರಣಕ್ಕೂ ಗಾಯಕ್ಕೂ ತಾಳೆಯಾಗದಿರುವುದು, ಎಕ್ಸ್‌ರೇಯಲ್ಲಿ ಬೇರೆ ಬೇರೆ ಕಾಲದ ಮುರಿತಗಳು ಕಾಣುವುದು, ಆಸ್ಪತ್ರೆಯಲ್ಲಿ ಇರುವಷ್ಟು ದಿನ ಹೊಸ ಗಾಯ ಆಗದಿರುವುದು. ಹೊಡೆತವಷ್ಟೇ ದೌರ್ಜನ್ಯವಲ್ಲ. ಊಟ, ಆರೈಕೆ ಕೊಡದೆ ಕಡೆಗಣಿಸುವುದು, ಸದಾ ಹೀಯಾಳಿಸಿ ಹೆದರಿಸುವುದು ಕೂಡ ದೌರ್ಜನ್ಯವೇ. ಲೈಂಗಿಕ ದೌರ್ಜನ್ಯದ ಬಗ್ಗೆ ವೈದ್ಯರೂ ಬಾಯಿ ಬಿಡದಿದ್ದ ಕಾಲದಲ್ಲಿ, 1977ರಲ್ಲಿ, ಕೆಂಪೆ ಬಹಿರಂಗವಾಗಿ ಮಾತನಾಡಿದರು.

ಹೆತ್ತವರನ್ನು ಶಿಕ್ಷಿಸುವುದಷ್ಟೇ ಅವರ ಗುರಿಯಾಗಿರಲಿಲ್ಲ. ಕಷ್ಟದಲ್ಲಿರುವ ತಾಯಂದಿರ ಮನೆಗೆ ಹೋಗಿ ನೆರವಾಗುವವರು ಬೇಕೆಂದು ಒತ್ತಾಯಿಸಿದರು. ಹೆರಿಗೆ ಕೋಣೆಯಲ್ಲಿ ತಾಯಿ ಕೂಸನ್ನು ಹೇಗೆ ಎತ್ತಿಕೊಳ್ಳುತ್ತಾಳೆ ಎಂಬುದನ್ನು ನರ್ಸ್‌ಗಳು ಗಮನಿಸುವುದಕ್ಕೂ ಅವರ ತಂಡ ಬೆಲೆ ಕೊಟ್ಟಿತು. 1984ರಲ್ಲಿ ಅವರು ತೀರಿಕೊಂಡರು.

ಒಂದು ಬಾಸುಂಡೆ ಕಂಡೊಡನೆ ಯಾರನ್ನೂ ತಪ್ಪಿತಸ್ಥರೆನ್ನಲಾಗದು. ಆದರೆ ಅನುಮಾನ ಬಂದಾಗ ಹೇಳಲು ಪೂರ್ತಿ ಖಾತ್ರಿಯಾಗುವವರೆಗೆ ಕಾಯಬೇಕಿಲ್ಲ. ಸ್ನೇಹಿತರೇ, ನಿಮಗೆ ಹಾಗೆ ಅನಿಸಿದರೆ ನಂಬಿಕೆಯ ಉಪನ್ಯಾಸಕರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನನ್ನ ಗೆಳತಿ ಮರುವರ್ಷ ಶಾಲೆಗೆ ಬರಲಿಲ್ಲ. ಅವಳು ಈಗ ಎಲ್ಲಿದ್ದಾಳೋ ನನಗೆ ತಿಳಿಯದು.